ಕಿವಿ ಗಾಜಿನ ಮೇಲೇ ಇರಲಿ: ಮನೆಗೊಂದು ಅಗ್ಗದ ವೈರ್‌ಲೆಸ್ ಅಲಾರಂ

ಮುಂಬಾಗಿಲಿಗೆ ತೇಗದ ಹಲಗೆ, ಎರಡು ಬೀಗ, ಒಳಗಡೆ ಅಗುಳಿ. ಅದೇ ಮನೆಯ ಹಿತ್ತಿಲ ಬಾಗಿಲಿನ ಮೇಲರ್ಧಕ್ಕೆ 4 ಮಿಲಿಮೀಟರ್ ದಪ್ಪದ ಗಾಜು, ಅದರಿಂದ ಒಂದು ಗೇಣು ಕೆಳಗೆ ಚಿಲಕ. ಗಾಜು ಒಡೆದು ಕೈ ತೂರಿಸಿದರೆ ಚಿಲಕ ಸಿಕ್ಕೇಬಿಡುತ್ತದೆ. ಹೊಸ ಬಡಾವಣೆಯ ಮನೆಗಳಲ್ಲಿ, ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲಿ ಸರಳೇ ಇಲ್ಲದ ದೊಡ್ಡ ಗಾಜಿನ ಜಾರುಬಾಗಿಲುಗಳೂ ಬಂದಿವೆ. ಕನ್ನ ಹಾಕಲು ಬಂದವನು ತೇಗದ ಬಾಗಿಲಿನ ಜೊತೆ ಗುದ್ದಾಡುತ್ತ ಕೂರುವುದಿಲ್ಲ. ಸುತ್ತ ಒಂದು ಸುತ್ತು ಬಂದು ಗಾಜು ಎಲ್ಲಿದೆ ಎಂದು ನೋಡುತ್ತಾನೆ. ಆ ಗಾಜು ಒಡೆದ ಕ್ಷಣವೇ ಮನೆಯೊಳಗೆ ಸೈರನ್ ಕೂಗುವಂತೆ ಮಾಡುವ ಸಾಧನವನ್ನು, ಬೆಸುಗೆ ಕಡ್ಡಿ ಹಿಡಿದು ಅಭ್ಯಾಸವಿರುವ ಯಾರು ಬೇಕಾದರೂ ಇಡೀ ಮನೆಗೆ ಮೂರೂವರೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಮಾಡಿಕೊಳ್ಳಬಹುದು. ಆದರೆ ಇದಕ್ಕೆ ಕೈ ಹಾಕುವ ಹೆಚ್ಚಿನವರು ಮೊದಲಿಗೆ ಯೋಚಿಸುವುದು ಕೋಣೆಯ ಮೂಲೆಯಲ್ಲಿ ಕೂತು ಸದ್ದು ಆಲಿಸುವ ಒಂದು ಮೈಕ್ ಬಗ್ಗೆ. ನಮ್ಮ ಮನೆಗಳಿಗೆ ಆ ದಾರಿ ಹೊಂದುವುದಿಲ್ಲ ಎಂಬುದು ಈ ಲೇಖನದ ವಾದ. ಕಿವಿ ಗಾಜಿನ ಮೈಮೇಲೇ ಇರಬೇಕು. ಅದರಿಂದ ಉಳಿಯುವ ದುಡ್ಡನ್ನೂ ಬುದ್ಧಿಯನ್ನೂ, ಅಲಾರಂ ಸುಮ್ಮನೆ ಸತ್ತುಹೋಗದಂತೆ ನೋಡಿಕೊಳ್ಳುವ ಕೆಲಸಕ್ಕೆ ಹಾಕಬೇಕು.

ಮೊದಲು ಗಾಜು ಒಡೆಯುವಾಗ ಏನಾಗುತ್ತದೆ ಎಂದು ನೋಡೋಣ. ಕಲ್ಲೋ ಕಬ್ಬಿಣದ ರಾಡೋ ತಾಗಿದಾಗ ಗಾಜು ಮೊದಲು ಬಾಗುತ್ತದೆ. ಆಗ ಹುಟ್ಟುವುದು ‘ಧಡ್’ ಎನ್ನುವ ದಪ್ಪ ಸದ್ದು. ಅದರ ಬಲವೆಲ್ಲ ಕೆಲವು ನೂರು ಹರ್ಟ್ಜ್‌ನ ಒಳಗೇ ಇರುತ್ತದೆ. ಅದರ ಬೆನ್ನಿಗೇ, ಸೆಕೆಂಡಿನ ಸಣ್ಣ ಭಾಗದಲ್ಲಿ, ಬಿರುಕುಗಳು ಹರಡಿ ಚೂರುಗಳು ಒಂದಕ್ಕೊಂದು ಉಜ್ಜಿ ‘ಛಳಾರ್’ ಎನ್ನುವ ತೆಳು ಸದ್ದು ಬರುತ್ತದೆ. ಇದು 3-4 ಸಾವಿರ ಹರ್ಟ್ಜ್‌ನಿಂದ ಶುರುವಾಗಿ ಮನುಷ್ಯರ ಕಿವಿಗೆ ಕೇಳದಷ್ಟು ಮೇಲಕ್ಕೂ ಹೋಗುತ್ತದೆ. ಬಿರುಕು ಗಾಜಿನಲ್ಲಿ ಓಡುವ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಅದೇ ಗಾಜಿನೊಳಗೆ ಕಂಪನದ ಅಲೆ ಹೋಗುವ ವೇಗ ಸೆಕೆಂಡಿಗೆ 5000 ಮೀಟರಿಗೂ ಹೆಚ್ಚು. ಅಂದರೆ ಒಂದು ಮೂಲೆಯಲ್ಲಿ ಒಡೆತ ಶುರುವಾದರೆ, ಬಿರುಕು ಇನ್ನೊಂದು ಮೂಲೆ ಮುಟ್ಟುವ ಎಷ್ಟೋ ಮೊದಲೇ ಸುದ್ದಿ ಅಲ್ಲಿಗೆ ತಲುಪಿರುತ್ತದೆ. ಗಾಜು ತಾನು ಒಡೆಯುತ್ತಿರುವ ವರ್ತಮಾನವನ್ನು ತನ್ನ ಮೈಯಲ್ಲೇ, ಗಾಳಿಗಿಂತ ಹತ್ತಾರು ಪಟ್ಟು ವೇಗವಾಗಿ, ಬೇರೆ ಯಾವ ಸದ್ದೂ ಕಲಬೆರಕೆಯಾಗದಂತೆ ಒಯ್ಯುತ್ತದೆ. ನಾವು ಅದನ್ನು ಅಲ್ಲೇ ಹಿಡಿಯದೆ, ಗಾಳಿಗೆ ಬಿಟ್ಟು, ಕೋಣೆಯ ಆಚೆ ತುದಿಯಲ್ಲಿ ಹಿಡಿಯಲು ಹೋಗುವುದು ಏಕೆ?

ಮೈಕ್ ಇಟ್ಟ ಅಲಾರಂಗಳು ಕೆಟ್ಟವೇನಲ್ಲ. ಒಳ್ಳೆಯವು ಮೊದಲು ‘ಧಡ್’, ಆಮೇಲೆ ‘ಛಳಾರ್’ ಎಂಬ ಎರಡೂ ಸದ್ದು ಅದೇ ಅನುಕ್ರಮದಲ್ಲಿ ಬಂದವೇ ಎಂದು ನೋಡಿಯೇ ತೀರ್ಮಾನಕ್ಕೆ ಬರುತ್ತವೆ. ಹತ್ತಾರು ಗಾಜುಗಳಿರುವ ಶೋರೂಮಿಗೆ, ರಾತ್ರಿ ಜನವಿಲ್ಲದ ಕಚೇರಿಗೆ ಅವೇ ಸರಿ. ಸುತ್ತ ಏಳೆಂಟು ಮೀಟರ್ ದೂರದ ತನಕ ಒಂದೇ ಪೆಟ್ಟಿಗೆ ಕಾಯುತ್ತದೆ. ತೊಂದರೆ ಇರುವುದು ಅಂಥದ್ದನ್ನು ಅಗ್ಗವಾಗಿ ಮಾಡಿ, ಜನ ವಾಸವಿರುವ ಮನೆಯಲ್ಲಿ ಇಡುವಾಗ. ನಮ್ಮ ಅಡುಗೆಮನೆಯಲ್ಲಿ ಬೆಳಗಿನ ಜಾವಕ್ಕೇ ಕುಕ್ಕರ್ ಕೂಗುತ್ತದೆ. ಸ್ಟೀಲ್ ಚೊಂಬು ಮೊಸಾಯಿಕ್ ನೆಲಕ್ಕೆ ಬಿದ್ದರೆ ಮೊದಲು ‘ಧಡ್’, ಆಮೇಲೆ ‘ಠಣಠಣ’, ಅದೂ ಅದೇ ಅನುಕ್ರಮದಲ್ಲಿ. ದೇವರ ಮನೆಯ ಗಂಟೆ, ಜಾಗಟೆ, ದೀಪಾವಳಿಯ ಪಟಾಕಿ, ಗಾಳಿಗೆ ಬಡಿದುಕೊಳ್ಳುವ ಬಾಗಿಲು, ಎಲ್ಲವೂ ಈ ಎರಡು ಸದ್ದುಗಳ ಹತ್ತಿರದ ನೆಂಟರು. ಇವನ್ನೆಲ್ಲ ಬೇರ್ಪಡಿಸುವಷ್ಟು ಜಾಣ ಗಣಿತವನ್ನು ಸಣ್ಣ ಚಿಪ್ಪಿನೊಳಗೆ ಬರೆಯಬಹುದು, ಬರೆದವರೂ ಇದ್ದಾರೆ. ಆದರೆ ಅದನ್ನು ಪರೀಕ್ಷಿಸಲು ಬೇಕಾದಷ್ಟು ಗಾಜು ಒಡೆದು, ಬೇಕಾದಷ್ಟು ಮನೆಗಳ ಸದ್ದು ಸಂಗ್ರಹಿಸುವುದು ಮನೆಯಲ್ಲಿ ಕೂತು ಮಾಡುವವರ ಕೈಗೆಟುಕುವ ಕೆಲಸವಲ್ಲ. ಇನ್ನೊಂದು ಕಡೆ ದಪ್ಪ ಪರದೆಯ ತೊಡಕು. ತೆಳು ಸದ್ದನ್ನು ಬಟ್ಟೆ ಚೆನ್ನಾಗಿ ಹೀರಿಕೊಳ್ಳುತ್ತದೆ. ರಾತ್ರಿ ಎಳೆದ ಎರಡು ಪದರದ ಪರದೆಯ ಆಚೆ ಗಾಜು ಒಡೆದರೆ ಮೈಕಿಗೆ ಸಿಗುವುದು ‘ಧಡ್’ ಮಾತ್ರ. ಬೇಡದ್ದಕ್ಕೆ ಕೂಗುವುದು, ಬೇಕಾದಾಗ ಕೇಳಿಸಿಕೊಳ್ಳದೆ ಇರುವುದು, ಹೀಗೆ ಎರಡೂ ದೋಷ ಒಂದೇ ಪೆಟ್ಟಿಗೆಯಲ್ಲಿ ಸೇರಿಕೊಳ್ಳುತ್ತವೆ. ಮೂರನೆಯದು ಕರೆಂಟಿನ ಲೆಕ್ಕ. ಮೈಕ್ ಮತ್ತು ಅದರ ಆಂಪ್ಲಿಫೈಯರ್ ಹಗಲೂ ರಾತ್ರಿ ಎಚ್ಚರವಿರಬೇಕು. ಸಾಮಾನ್ಯ ಎಲೆಕ್ಟ್ರೆಟ್ ಮೈಕಿಗೆ 0.3 ಮಿಲಿಆಂಪ್ ಎಂದು ಹಿಡಿದರೂ, 1000 ಮಿಲಿಆಂಪ್-ಗಂಟೆಯ ಎಎಎ ಸೆಲ್ ಜೋಡಿ ನಾಲ್ಕೂವರೆ ತಿಂಗಳಿಗೆ ಮುಗಿಯುತ್ತದೆ. ವರ್ಷಕ್ಕೆ ಮೂರು ಸಲ ಪ್ರತಿ ಪೆಟ್ಟಿಗೆಯ ಸೆಲ್ ಬದಲಿಸುವ ಮನೆಗಳು ಎಷ್ಟಿವೆ? ಮೊದಲ ವರ್ಷ ಬದಲಿಸುತ್ತಾರೆ, ಎರಡನೆಯ ವರ್ಷ ಮರೆಯುತ್ತಾರೆ.

ಗಾಜಿನ ಮೇಲೆ ಅಂಟಿಸುವುದಕ್ಕೆ ಬೇಕಾದದ್ದು ಹತ್ತು ರೂಪಾಯಿಯ ಒಂದು ಪೀಜೋ ಬಿಲ್ಲೆ. ಗಡಿಯಾರದ ಅಲಾರಂನಲ್ಲಿ, ಆಟಿಕೆಯಲ್ಲಿ ಪೀಂಗುಡುವ, 27 ಮಿಲಿಮೀಟರ್ ಅಗಲದ ಹಿತ್ತಾಳೆ ಬಣ್ಣದ ಬಿಲ್ಲೆ ಅದೇ. ಕರೆಂಟ್ ಕೊಟ್ಟರೆ ಅದು ಅದುರುತ್ತದೆ; ಅದುರಿಸಿದರೆ ತಾನೇ ಕರೆಂಟ್ ಹುಟ್ಟಿಸುತ್ತದೆ. ಕಾಯುತ್ತ ಕೂರಲು ಅದಕ್ಕೆ ಏನೂ ಬೇಡ, ಸೆಲ್ಲಿನಿಂದ ಒಂದು ಮೈಕ್ರೊಆಂಪ್ ಕೂಡ ತೆಗೆದುಕೊಳ್ಳುವುದಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ. ಇದನ್ನು ಗಾಜಿನ ಒಳಮೈಗೆ, ಚೌಕಟ್ಟಿನಿಂದ ನಾಲ್ಕೈದು ಸೆಂಟಿಮೀಟರ್ ಒಳಗೆ, ಯಾವುದಾದರೂ ಒಂದು ಮೂಲೆಯಲ್ಲಿ ಎಪಾಕ್ಸಿ ಅಂಟಿನಿಂದ ಅಂಟಿಸಬೇಕು. ಎರಡೂ ಕಡೆ ಅಂಟುವ ಸ್ಪಂಜಿನ ಟೇಪ್ ಮಾತ್ರ ಬೇಡ. ನಮಗೆ ಬೇಕಾದ ತೆಳು ಕಂಪನವನ್ನೇ ಆ ಸ್ಪಂಜು ನುಂಗಿಬಿಡುತ್ತದೆ, ಬೇಡದ ದಪ್ಪ ಕಂಪನವನ್ನು ಒಳಗೆ ಬಿಡುತ್ತದೆ. ಈ ಒಂದು ತಪ್ಪಿನಿಂದಲೇ ಕೆಲಸ ಮಾಡದ ಅಲಾರಂಗಳು ಬಹಳ. ಅಂಟಿಸುವ ಜಾಗವನ್ನು ಸ್ಪಿರಿಟ್ ಹಾಕಿ ಒರೆಸಿ, ಬಿಲ್ಲೆಯ ಹಿತ್ತಾಳೆಯ ಬದಿಯನ್ನು ಗಾಜಿಗೆ ಒತ್ತಿ, ಒಂದು ದಿನ ಒಣಗಲು ಬಿಡಿ. ಗಾಜಿನ ಒಳಮೈಗೆ ಬಿಸಿಲು ತಡೆಯುವ ಫಿಲ್ಮ್ ಅಂಟಿಸಿದ್ದರೆ ಬಿಲ್ಲೆಯಷ್ಟೇ ಅಗಲಕ್ಕೆ ಅದನ್ನು ಕತ್ತರಿಸಿ ತೆಗೆದು, ಬರಿಗಾಜಿಗೇ ಅಂಟಿಸಿ.

ಬಾಗಿಲು ಬಡಿದಾಗ, ಲಾರಿ ಹೋದಾಗ, ಬೆರಳ ಗೆಣ್ಣಿನಿಂದ ತಟ್ಟಿದಾಗ ಗಾಜಿನಲ್ಲಿ ಹುಟ್ಟುವುದು ಬಹುತೇಕ ದಪ್ಪ ಕಂಪನ. ಇದನ್ನು ಸೋಸಲು ಒಂದು ರೆಸಿಸ್ಟರ್ ಸಾಕಾಗುತ್ತದೆ ಎಂಬುದು ಈ ವಿನ್ಯಾಸದ ಸೊಗಸು. ಆ ಗಾತ್ರದ ಬಿಲ್ಲೆ ತಾನೇ ಸುಮಾರು 20 ನ್ಯಾನೊಫ್ಯಾರಡ್‌ನ ಕೆಪಾಸಿಟರ್ ಕೂಡ ಹೌದು. ಅದರ ಎರಡು ತುದಿಗೆ 10 ಕಿಲೋಓಮ್ ರೆಸಿಸ್ಟರ್ ಹಾಕಿದರೆ ಸುಮಾರು 800 ಹರ್ಟ್ಜ್‌ಗಿಂತ ಕೆಳಗಿನದು ಸೊರಗುತ್ತದೆ. 1 ಕಿಲೋಓಮ್ ಹಾಕಿದರೆ ಆ ಗಡಿ 8000 ಹರ್ಟ್ಜ್‌ಗೆ ಏರುತ್ತದೆ. ಮೊದಲಿಗೆ 10 ಹಾಕಿ, ಸುಳ್ಳು ಎಚ್ಚರಿಕೆ ಬಂದರೆ 4.7ಕ್ಕೆ, ಆಮೇಲೆ 2.2ಕ್ಕೆ ಇಳಿಸುತ್ತ ಹೋಗಬಹುದು. ಬಿಲ್ಲೆಯಿಂದ ಬಂದ ಸಂಕೇತವನ್ನು ಇನ್ನೊಂದು ರೆಸಿಸ್ಟರಿನ ಮೂಲಕ ಬಿಸಿ547 ಟ್ರಾನ್ಸಿಸ್ಟರಿನ ಬೇಸಿಗೆ ಕೊಡಿ. ಅದು 0.6 ವೋಲ್ಟ್ ಆಸುಪಾಸು ಬರುವ ತನಕ ತೆರೆದುಕೊಳ್ಳದ ಕಾರಣ ಪುಕ್ಕಟೆಯಾಗಿ ಒಂದು ಹೊಸ್ತಿಲು ಸಿಕ್ಕಂತಾಯಿತು. ಜೋರು ಪೆಟ್ಟಿಗೆ ಬಿಲ್ಲೆ ಹತ್ತಾರು ವೋಲ್ಟ್ ಹುಟ್ಟಿಸಬಲ್ಲದು, ಅದೂ ಎರಡೂ ದಿಕ್ಕಿಗೆ. ಹಾಗಾಗಿ ಬೇಸಿಗೂ ನೆಲಕ್ಕೂ ನಡುವೆ 1ಎನ್4148 ಡಯೋಡನ್ನು ತಿರುವಿ ಹಾಕುವುದನ್ನು ಮರೆಯಬೇಡಿ. ಟ್ರಾನ್ಸಿಸ್ಟರಿನ ಕಲೆಕ್ಟರ್ ಹೋಗುವುದು ಎಟಿಟೈನಿ85ರಂಥ ಎಂಟು ಕಾಲಿನ ಮೈಕ್ರೊಕಂಟ್ರೋಲರಿಗೆ. ಅದು ಗಾಢ ನಿದ್ರೆಯಲ್ಲಿರುತ್ತದೆ. ಕಾಲಿನ ಸ್ಥಿತಿ ಬದಲಾದ ಕೂಡಲೇ ಎದ್ದು, ಮುಂದಿನ 40-50 ಮಿಲಿಸೆಕೆಂಡಿನಲ್ಲಿ ಎಷ್ಟು ಮಿಡಿತ ಬಂದವು ಎಂದು ಎಣಿಸುತ್ತದೆ. ತಟ್ಟಿದರೆ ನಾಲ್ಕಾರು ಮಿಡಿತ ಬಂದು ಅಡಗುತ್ತವೆ. ಒಡೆದರೆ ಬಿರುಕು ಹರಡುವ, ಚೂರು ಉದುರುವ ಅಷ್ಟೂ ಹೊತ್ತು ಸುರಿಮಳೆ. ಈ ಎರಡರ ನಡುವೆ ಗೆರೆ ಎಲ್ಲಿ ಎಳೆಯಬೇಕೆಂಬುದು ನಿಮ್ಮ ಮನೆಯ ಗಾಜೇ ಹೇಳಬೇಕಾದ ಮಾತು. ಅದಕ್ಕೆ ಮುಂದೆ ಬರುತ್ತೇನೆ.

ಗಟ್ಟಿಗೊಳಿಸಿದ ಗಾಜು, ಅಂಗಡಿಯವರು ‘ಟಫನ್ಡ್’ ಎನ್ನುವುದು, ಒಡೆಯುವ ರೀತಿಯೇ ಬೇರೆ. ಒಂದು ಕಡೆ ಒಡೆದರೆ ಇಡೀ ಹಾಳೆ ಕಲ್ಲುಸಕ್ಕರೆಯ ಹರಳುಗಳಂತೆ ಉದುರಿಬೀಳುತ್ತದೆ, ಜೊತೆಗೆ ನಮ್ಮ ಬಿಲ್ಲೆಯೂ. ಆದ್ದರಿಂದ ಟ್ರಾನ್ಸ್‌ಮಿಟರಿನ ಪೆಟ್ಟಿಗೆಯನ್ನು ಎಂದೂ ಗಾಜಿಗೆ ಅಂಟಿಸಬಾರದು. ಗಾಜು ಕೂತಿರುವ ಚೌಕಟ್ಟಿಗೆ ಅಂಟಿಸಿ, ಅಲ್ಲಿಂದ ಬಿಲ್ಲೆಗೆ ಕೂದಲೆಳೆಯಂಥ ತಂತಿ ಎಳೆಯಬೇಕು. ಆ ತಂತಿಯ ಜೊತೆಗೇ ಇನ್ನೊಂದು ಎಳೆಯನ್ನು ಬಿಲ್ಲೆಯ ತನಕ ಒಯ್ದು ಹಿಂದಕ್ಕೆ ತಂದರೆ ಒಂದು ಕುಣಿಕೆಯಾಗುತ್ತದೆ. ಬಿಲ್ಲೆ ಕಿತ್ತುಬಂದು ಕುಣಿಕೆ ಹರಿದರೆ ಅದೂ ಒಂದು ಎಚ್ಚರಿಕೆಯೇ. 1853ರಲ್ಲಿ ಅಮೆರಿಕದ ಅಗಸ್ಟಸ್ ಪೋಪ್ ಪೇಟೆಂಟ್ ಪಡೆದ ಮೊದಲ ವಿದ್ಯುತ್ ಕಳ್ಳ-ಗಂಟೆ ಕೂಡ ಬಾಗಿಲು, ಕಿಟಕಿಗಳನ್ನು ಒಂದು ತಂತಿ ಸುತ್ತಿಗೆ ಸೇರಿಸಿ ಕಾಯುವ ಉಪಾಯವೇ. ಅಂಗಡಿಗಳ ಗಾಜಿನ ಅಂಚಿಗೆ ತೆಳು ಲೋಹದ ಪಟ್ಟಿ ಅಂಟಿಸಿ, ಅದು ಹರಿದರೆ ಗಂಟೆ ಬಾರಿಸುವ ಪದ್ಧತಿ ಅದಾದ ಮೇಲೂ ಬಹುಕಾಲ ನಡೆಯಿತು. ಹಳೆಯ ಉಪಾಯವೆಂದು ಬಿಡಬೇಕಿಲ್ಲ. ಈ ಕುಣಿಕೆಯ ಸಾಲಿಗೇ ಒಂದು ರೀಡ್ ಸ್ವಿಚ್ಚನ್ನೂ, ಎದುರಿನ ಚೌಕಟ್ಟಿಗೆ ಒಂದು ಅಯಸ್ಕಾಂತವನ್ನೂ ಸೇರಿಸಿಬಿಡಿ. ಗಾಜು ಒಡೆಯದೆ ಕಿಟಕಿಯನ್ನು ಮೀಟಿ ತೆರೆದರೂ ಆಗ ಕುಣಿಕೆ ತೆರೆದುಕೊಳ್ಳುತ್ತದೆ. ‘ಗಾಜು ಕೊಯ್ಯುವ ವಜ್ರದ ಕಡ್ಡಿ ತಂದು ಸದ್ದಿಲ್ಲದೆ ಕತ್ತರಿಸಿದರೆ?’ ಎಂದು ಕೇಳುವವರಿದ್ದಾರೆ. ಆ ಕಡ್ಡಿ ಗಾಜನ್ನು ಗೀರುವ ಸದ್ದೇ ತೆಳು ಕಂಪನ. ಗಾಳಿಯಲ್ಲಿ ಅದು ಕೇಳದಿರಬಹುದು, ಗಾಜಿಗೇ ಅಂಟಿದ ಬಿಲ್ಲೆಗೆ ಕೇಳುತ್ತದೆ. ಮೈಕಿನ ಎದುರು ಬಿಲ್ಲೆಯ ದೊಡ್ಡ ಗೆಲುವು ಇದು. ಪದರದ ಗಾಜಿದ್ದರೆ, ಅಂದರೆ ನಡುವೆ ಪ್ಲಾಸ್ಟಿಕ್ ಪೊರೆ ಇರುವ ಲ್ಯಾಮಿನೇಟೆಡ್ ಗಾಜು, ಕಂಪನ ಬೇಗ ಸೊರಗುತ್ತದೆ. ಅಂಥ ಗಾಜು ಒಡೆದರೂ ಕೈ ತೂರಲು ಹೊತ್ತು ಹಿಡಿಯುವುದರಿಂದ ಅಲ್ಲಿ ಕುಣಿಕೆಯ ಮೇಲೆ ಭರವಸೆ ಇಡುವುದು ವಾಸಿ.

ಗಾಜಿಗೊಂದು ಬಿಲ್ಲೆ, ಗಾಜಿಗೊಂದು ಪೆಟ್ಟಿಗೆ ಎಂದರೆ ಖರ್ಚು ಹೆಚ್ಚಲ್ಲವೇ ಎಂಬ ಆಕ್ಷೇಪಣೆಗೆ ತೂಕವಿದೆ. ಬಿಲ್ಲೆ, ಚಿಪ್ಪು, ಟ್ರಾನ್ಸ್‌ಮಿಟರ್, ಸೆಲ್, ಪೆಟ್ಟಿಗೆ ಎಲ್ಲ ಸೇರಿ ಒಂದು ಜಾಗಕ್ಕೆ ಸುಮಾರು 300 ರೂಪಾಯಿ ಬೀಳಬಹುದು. ಆದರೆ ಮನೆಯಲ್ಲಿ ಇಪ್ಪತ್ತು ಗಾಜಿದ್ದರೆ ಇಪ್ಪತ್ತಕ್ಕೂ ಕಾವಲು ಬೇಕಿಲ್ಲ. ನೆಲದಿಂದ, ಮೆಟ್ಟಿಲಿನಿಂದ, ಪಕ್ಕದ ಮನೆಯ ಸಜ್ಜದಿಂದ ಕೈಗೆಟುಕುವ, ಮತ್ತು ಒಡೆದರೆ ಒಳಗೆ ಬರಲೋ ಚಿಲಕ ತೆಗೆಯಲೋ ದಾರಿಯಾಗುವ ಗಾಜುಗಳನ್ನು ಮಾತ್ರ ಎಣಿಸಿ. ಸಾಮಾನ್ಯ ಮನೆಯಲ್ಲಿ ಅವು ನಾಲ್ಕರಿಂದ ಆರು. ಒಂದೇ ಕಿಟಕಿಗೆ ಎರಡು ಹಾಳೆಗಳಿದ್ದರೆ ಎರಡು ಬಿಲ್ಲೆಗಳನ್ನು ಒಂದೇ ಪೆಟ್ಟಿಗೆಗೆ ಜೋಡಿಸಬಹುದು. ಐದು ಜಾಗಕ್ಕೆ 1500 ರೂಪಾಯಿ, ನಡುಮನೆಯ ಮುಖ್ಯ ಪೆಟ್ಟಿಗೆಗೆ ಸೈರನ್, ಬ್ಯಾಟರಿ ಸೇರಿ 2000. ಅಗ್ಗದ ಮೈಕ್ ಪೆಟ್ಟಿಗೆಗಳನ್ನು ಕೋಣೆಗೊಂದರಂತೆ ಕೊಂಡರೂ ಮೊತ್ತ ಇದರಿಂದ ಬಹಳ ದೂರ ಇರುವುದಿಲ್ಲ.

ಇನ್ನು ವೈರ್‌ಲೆಸ್. ಭಾರತದಲ್ಲಿ 433-434 ಮೆಗಾಹರ್ಟ್ಜ್ ಪಟ್ಟಿಯನ್ನು ಒಳಾಂಗಣದ, ಕಡಿಮೆ ಶಕ್ತಿಯ ಸಾಧನಗಳಿಗೆ ಲೈಸೆನ್ಸ್ ಇಲ್ಲದೆ ಬಳಸಲು 2012ರಲ್ಲಿ ಅನುಮತಿ ಸಿಕ್ಕಿದೆ. ಗರಿಷ್ಠ ಶಕ್ತಿ 10 ಮಿಲಿವ್ಯಾಟ್. 865-867 ಮೆಗಾಹರ್ಟ್ಜ್ ಅದಕ್ಕೂ ಮೊದಲೇ, 2005ರಲ್ಲೇ, ಮುಕ್ತವಾಗಿತ್ತು. ಆನ್‌ಲೈನಿನಲ್ಲಿ ಸಿಗುವ 315 ಮತ್ತು 915 ಮೆಗಾಹರ್ಟ್ಜ್ ಮಾಡ್ಯೂಲುಗಳು ಬೇರೆ ದೇಶಗಳ ನಿಯಮಕ್ಕೆ ತಯಾರಾದವು, ಅವನ್ನು ಕೊಳ್ಳಬೇಡಿ. ಮನೆಯೊಳಗಿನ ಕೆಲಸಕ್ಕೆ 433ರ ಪುಟ್ಟ ಟ್ರಾನ್ಸ್‌ಮಿಟರ್ ಮಾಡ್ಯೂಲ್ ಸಾಕು. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯನ್ನು ಅದರ ಅಲೆ 2.4 ಗಿಗಾಹರ್ಟ್ಜ್‌ನ ಅಲೆಗಿಂತ ಸುಲಭವಾಗಿ ದಾಟುತ್ತದೆ. ಆಂಟೆನಾ ಎಂದರೆ 17.3 ಸೆಂಟಿಮೀಟರ್ ಉದ್ದದ ನೆಟ್ಟಗಿನ ತಂತಿ, ಅಷ್ಟೇ. ಅಲೆಯ ಉದ್ದದ ಕಾಲು ಭಾಗ ಅದು. ಅಳತೆ ಹಿಡಿದು ಕತ್ತರಿಸಿ. ಸುರುಳಿ ಸುತ್ತಿ ಪೆಟ್ಟಿಗೆಗೆ ತುರುಕಬೇಡಿ. ಕಿಟಕಿಯ ಕಬ್ಬಿಣದ ಸರಳಿಗೋ ಅಲ್ಯುಮಿನಿಯಂ ಚೌಕಟ್ಟಿಗೋ ತಾಗಿಕೊಂಡಿದ್ದರೆ ಅರ್ಧ ಶಕ್ತಿ ಅಲ್ಲೇ ಹೋಗುತ್ತದೆ, ಕೆಲವು ಸೆಂಟಿಮೀಟರ್ ದೂರವಿಡಿ. ಕಳಿಸುವ ಸಂಕೇತಕ್ಕೆ ಇವಿ1527 ಮಾದರಿಯ ವಿನ್ಯಾಸವನ್ನೇ ಅನುಸರಿಸಬಹುದು: 20 ಬಿಟ್ ಗುರುತು, 4 ಬಿಟ್ ಸುದ್ದಿ. ಗುರುತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಬಗೆ ಸಿಗುವುದರಿಂದ ಪಕ್ಕದ ಮನೆಯ ಗೇಟಿನ ರಿಮೋಟಿಗೆ ನಿಮ್ಮ ಸೈರನ್ ಓಗೊಡುವ ಭಯವಿಲ್ಲ. ಆ ನಾಲ್ಕು ಬಿಟ್‌ಗಳಲ್ಲಿ ಗಾಜು ಒಡೆಯಿತು, ಕುಣಿಕೆ ತೆರೆಯಿತು, ಸೆಲ್ ಸೊರಗಿದೆ, ‘ನಾನು ಚೆನ್ನಾಗಿದ್ದೇನೆ’ ಎಂಬ ನಾಲ್ಕು ಮಾತು ಹೇಳಬಹುದು.

ಕೊನೆಯ ಮಾತೇ ಎಲ್ಲಕ್ಕಿಂತ ಮುಖ್ಯ. ಅಗ್ಗದ ಅಲಾರಂಗಳಲ್ಲಿ ಬಹುಪಾಲು ಕಳ್ಳ ಬಂದಾಗ ಮಾತ್ರ ಮಾತಾಡುತ್ತವೆ. ಅಲ್ಲಿಯ ತನಕ ಅದು ಬದುಕಿದೆಯೋ ಸತ್ತಿದೆಯೋ ಮನೆಯವರಿಗೆ ತಿಳಿಯುವುದಿಲ್ಲ. ಸೆಲ್ ಮುಗಿದ ಅಲಾರಂ ಅಲಾರಂ ಇಲ್ಲದ ಮನೆಗಿಂತ ಅಪಾಯಕಾರಿ, ಏಕೆಂದರೆ ಅದನ್ನು ನಂಬಿ ಜನ ಅಗುಳಿ ಹಾಕುವುದನ್ನೂ ಬಿಡುತ್ತಾರೆ. ಆದ್ದರಿಂದ ಪ್ರತಿ ಪೆಟ್ಟಿಗೆಯೂ ಅರ್ಧ ಗಂಟೆಗೊಮ್ಮೆ, ಎರಡು ಪೆಟ್ಟಿಗೆಗಳ ಸಂಕೇತ ಡಿಕ್ಕಿಯಾಗದಂತೆ ಕೆಲವು ಸೆಕೆಂಡು ಆಚೀಚೆ ಮಾಡಿಕೊಂಡು, ‘ಚೆನ್ನಾಗಿದ್ದೇನೆ’ ಎಂದು ಹೇಳಲಿ. ಮೂರು ಸಲ ಸತತವಾಗಿ ಸುದ್ದಿ ಬಾರದಿದ್ದರೆ ಮುಖ್ಯ ಪೆಟ್ಟಿಗೆ ಮೆಲ್ಲಗೆ ಚಿಲಿಪಿಲಿಗುಟ್ಟಿ, ಯಾವ ಕಿಟಕಿ ಮೌನವಾಗಿದೆ ಎಂದು ತೋರಿಸಲಿ. ಇದಕ್ಕೆ ಸೆಲ್ ಖಾಲಿಯಾಗುತ್ತದೆ ಎಂಬ ಅಂಜಿಕೆ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಸಂಕೇತಕ್ಕೆ ಒಂದು ಸಲಕ್ಕೆ 0.1 ಸೆಕೆಂಡು, 15 ಮಿಲಿಆಂಪ್. ವರ್ಷಕ್ಕೆ 17,520 ಸಲ ಕಳಿಸಿದರೂ ಖರ್ಚಾಗುವುದು 7.3 ಮಿಲಿಆಂಪ್-ಗಂಟೆ. ನಿದ್ರೆಯಲ್ಲಿರುವ ಚಿಪ್ಪು ಮತ್ತು ಅದರ ಒಳಗಡಿಯಾರಕ್ಕೆ 5 ಮೈಕ್ರೊಆಂಪ್, ಕುಣಿಕೆಯಲ್ಲಿ 1 ಮೆಗಾಓಮ್ ಮೂಲಕ ಹರಿಯುವ 3 ಮೈಕ್ರೊಆಂಪ್ ಸೇರಿದರೆ ವರ್ಷಕ್ಕೆ 70. ಒಟ್ಟು ಸುಮಾರು 77. ಎಎಎ ಸೆಲ್ ಜೋಡಿಯಲ್ಲಿ 1000 ಇದೆ. ಹಳತಾಗಿ ತಾನಾಗಿಯೇ ಇಳಿಯುವುದನ್ನು ಕಳೆದರೂ ವರ್ಷಗಟ್ಟಲೆ ನಡೆಯುತ್ತದೆ. ಸಿಆರ್2032 ಬಟನ್ ಸೆಲ್ಲಿನಲ್ಲೂ ಲೆಕ್ಕದಂತೆ ಎರಡು ವರ್ಷ ದಾಟುತ್ತದೆ, ಆದರೆ ಸಂಕೇತ ಕಳಿಸುವ ಹೊತ್ತಿನ ಎಳೆತಕ್ಕೆ ಅದರ ವೋಲ್ಟೇಜ್ ಕುಸಿಯುತ್ತದೆ. ಅಷ್ಟು ಚಿಕ್ಕ ಪೆಟ್ಟಿಗೆಯೇ ಬೇಕೆಂಬ ಹಟವಿಲ್ಲದಿದ್ದರೆ ಎಎಎ ಇರಲಿ.

ಈ ಟ್ರಾನ್ಸ್‌ಮಿಟರುಗಳು ಹೇಳುತ್ತವೆಯೇ ಹೊರತು ಕೇಳುವುದಿಲ್ಲ. ತಮ್ಮ ಮಾತು ತಲುಪಿತೋ ಇಲ್ಲವೋ ಅವಕ್ಕೆ ಗೊತ್ತಾಗುವುದಿಲ್ಲ. ಯಾರಾದರೂ ಅದೇ ಪಟ್ಟಿಯಲ್ಲಿ ಗದ್ದಲವೆಬ್ಬಿಸಿ ಸಂಕೇತವನ್ನು ಮುಳುಗಿಸಬಹುದು ಎಂಬ ಮಾತು ನಿಜ. ಅರ್ಧ ಗಂಟೆಗೊಮ್ಮೆ ಬರುವ ಕ್ಷೇಮ ಸಮಾಚಾರ ಹತ್ತು ನಿಮಿಷದ ಗದ್ದಲವನ್ನು ಹಿಡಿಯಲಾರದು. ಎರಡು ಸಣ್ಣ ಉಪಾಯಗಳಿವೆ. ಗಾಜು ಒಡೆದ ಸುದ್ದಿಯನ್ನು ಮೂರು ಸಲ ಹೇಳಿ ನಿಲ್ಲಿಸದೆ ಒಂದೆರಡು ನಿಮಿಷ ಬಿಟ್ಟುಬಿಟ್ಟು ಹೇಳುತ್ತಿರುವುದು ಒಂದು. ಪಟ್ಟಿಯಲ್ಲಿ ಬಿಡದೆ ಸದ್ದು ತುಂಬಿಕೊಂಡಿದ್ದರೆ ಮುಖ್ಯ ಪೆಟ್ಟಿಗೆ ಅದನ್ನೇ ಅನುಮಾನವೆಂದು ಸೂಚಿಸುವುದು ಇನ್ನೊಂದು. ಇಷ್ಟರ ಮೇಲೂ ತಯಾರಿ ಮಾಡಿಕೊಂಡು ಬಂದವನನ್ನು ಈ ಸಾಧನ ತಡೆಯುವುದಿಲ್ಲ. ಆದರೆ ಕಲ್ಲೆತ್ತಿ ಗಾಜು ಒಡೆಯುವವನು ರೇಡಿಯೊ ಜಾಮರ್ ಹಿಡಿದು ಬರುವುದಕ್ಕಿಂತ, ಹೊರಗೋಡೆಯ ಮೀಟರ್ ಬೋರ್ಡಿಗೆ ಕೈ ಹಾಕಿ ಮೇನ್ ಸ್ವಿಚ್ ಆರಿಸುವ ಸಂಭವ ಎಷ್ಟೋ ಹೆಚ್ಚು. ದುಡ್ಡನ್ನು ಕರೆಂಟ್ ಹೋದರೂ ನಡೆಯುವ ಬ್ಯಾಟರಿಗೆ ಹಾಕಬೇಕು. ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ: ಅಲಾರಂ ಆರಿಸಲು ಅಗ್ಗದ ರಿಮೋಟ್ ಇಡಬೇಡಿ. ಬದಲಾಗದ ಸಂಕೇತವನ್ನು ಹಿಡಿದಿಟ್ಟು ಮತ್ತೆ ಬಿತ್ತರಿಸುವುದು ಸುಲಭ. ಕಿಟಕಿಯ ಸಂಕೇತವನ್ನು ಹಾಗೆ ಕದ್ದರೆ ಸೈರನ್ ಕೂಗೀತು, ಅಷ್ಟೇ. ಆರಿಸುವ ಸಂಕೇತ ಕದ್ದರೆ ಇಡೀ ಕಾವಲೇ ಹೋಯಿತು. ಮನೆಯೊಳಗೆ ಒಂದು ಕೀಪ್ಯಾಡ್ ಅಥವಾ ಬೀಗದ ಕೈ ಹಾಕಿ ತಿರುಗಿಸುವ ಸ್ವಿಚ್ ಸಾಕು.

ಮುಖ್ಯ ಪೆಟ್ಟಿಗೆಯನ್ನು ಮನೆಯ ನಡುವೆ, ಬೀರು ಇರುವ ಕೋಣೆಯಿಂದ ದೂರ, ಸುಲಭಕ್ಕೆ ಕಾಣದ ಎತ್ತರದಲ್ಲಿ ಇಡಿ. ಆರ್ಡುಯಿನೊ ಬೋರ್ಡು, 433ರ ರಿಸೀವರ್, 12 ವೋಲ್ಟಿನ ಸೈರನ್, ಕರೆಂಟ್ ಹೋದರೂ ನಡೆಯುವ ಬ್ಯಾಟರಿ ಇಷ್ಟು ಅದರಲ್ಲಿರಬೇಕು. ಎಲ್ಲವನ್ನೂ ವೈಫೈ ಮೂಲಕವೇ ಮಾಡಬಾರದೇಕೆ ಎಂದರೆ, ವೈಫೈ ಚಿಪ್ಪು ಮಾತಾಡುವಾಗ ನೂರು ಮಿಲಿಆಂಪಿನ ಲೆಕ್ಕದಲ್ಲಿ ಕುಡಿಯುತ್ತದೆ, ರೌಟರಿಗೆ ಜೋಡಣೆಯಾಗಲು ಸೆಕೆಂಡುಗಟ್ಟಲೆ ತೆಗೆದುಕೊಳ್ಳುತ್ತದೆ, ಮತ್ತು ಕರೆಂಟ್ ಹೋದರೆ ರೌಟರೇ ಇರುವುದಿಲ್ಲ. ಮೊಬೈಲಿಗೆ ಸಂದೇಶ ಬರಲಿ ಎನ್ನುವವರು ಮುಖ್ಯ ಪೆಟ್ಟಿಗೆಗೆ ಮಾತ್ರ ಒಂದು ಸಿಮ್ ಮಾಡ್ಯೂಲ್ ಸೇರಿಸಲಿ. ಅಗ್ಗದ ಎಸ್‌ಐಎಂ800ಎಲ್ 2ಜಿ ಜಾಲದಲ್ಲಿ ಮಾತ್ರ ನಡೆಯುತ್ತದೆ; ಜಿಯೋ ಸಿಮ್ ಅದರಲ್ಲಿ ಕೆಲಸ ಮಾಡುವುದಿಲ್ಲ. ಕರೆ ಮಾಡುವ ಗಳಿಗೆಯಲ್ಲಿ ಅದು 2 ಆಂಪ್‌ವರೆಗೂ ಎಳೆಯುವುದರಿಂದ ಹತ್ತಿರದಲ್ಲೇ ದೊಡ್ಡ ಕೆಪಾಸಿಟರ್ ಬೇಕು. ಸೈರನ್ ಮೂರರಿಂದ ಐದು ನಿಮಿಷಕ್ಕೆ ತಾನಾಗಿಯೇ ನಿಲ್ಲಲಿ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರ ಮೇಲೆ 45 ಡೆಸಿಬೆಲ್ ಎಂಬ ಮಿತಿ 2000ದ ಶಬ್ದಮಾಲಿನ್ಯ ನಿಯಮಗಳಲ್ಲಿದೆ. ಯಾರೂ ಇಲ್ಲದ ಮನೆಯಲ್ಲಿ ಗಂಟೆಗಟ್ಟಲೆ ಕೂಗುವ ಸೈರನ್ನಿಗೆ ಎರಡನೆಯ ಸಲ ಯಾವ ನೆರೆಯವರೂ ಎದ್ದು ಬರುವುದಿಲ್ಲ.

‘ನಮ್ಮ ಕಿಟಕಿಗೆಲ್ಲ ಕಬ್ಬಿಣದ ಸರಳಿದೆ, ಸಿಸಿ ಕ್ಯಾಮೆರಾ ಇದೆ, ಇದೇಕೆ?’ ಎಂಬ ಪ್ರಶ್ನೆ ಸಹಜ. ಕ್ಯಾಮೆರಾ ನಡೆದದ್ದನ್ನು ಬರೆದಿಡುತ್ತದೆ. ಆ ರಾತ್ರಿ ಯಾರಾದರೂ ಅದನ್ನು ನೋಡುತ್ತಿದ್ದರೆ ಮಾತ್ರ ಉಪಯೋಗ. ಸರಳಿನ ವಿಷಯ ಹಾಗಲ್ಲ, ಸರಳಿರುವ ಕಿಟಕಿಯಲ್ಲೇ ಈ ಅಲಾರಂಗೆ ಹೆಚ್ಚು ಬೆಲೆ. ನಮ್ಮ ಮರದ ಕಿಟಕಿಗಳಲ್ಲಿ ಸಾಮಾನ್ಯವಾಗಿ ಗಾಜಿನ ಬಾಗಿಲು ಹೊರಗಡೆ, ಸರಳು ಒಳಗಡೆ. ಬಂದವನು ಮೊದಲು ಗಾಜು ಒಡೆಯಬೇಕು ಅಥವಾ ಬಾಗಿಲು ಮೀಟಬೇಕು, ಆಮೇಲೆ ಸರಳನ್ನು ಬಗ್ಗಿಸಬೇಕು ಅಥವಾ ಕೊಯ್ಯಬೇಕು. ಅಲಾರಂ ಕೂಗುವುದು ಮೊದಲ ಹೆಜ್ಜೆಗೇ. ಸರಳನ್ನು ಗೆಲ್ಲಲು ಬೇಕಾದ ಅಷ್ಟೂ ನಿಮಿಷ ಮನೆಯವರ ಕೈಯಲ್ಲಿ ಉಳಿಯುತ್ತದೆ. ಸರಳಿಲ್ಲದ ಜಾರುಬಾಗಿಲಿನಲ್ಲಿ ಆ ನಿಮಿಷಗಳಿಲ್ಲ, ಕೆಲವು ಸೆಕೆಂಡುಗಳು ಮಾತ್ರ. ಅಂಥ ಕಡೆ ಅಲಾರಂ ಹಾಕಿ ಸಮಾಧಾನಪಡುವ ಬದಲು, ಮೊದಲು ಹಳಿಯಲ್ಲಿ ಒಂದು ಮರದ ಪಟ್ಟಿಯನ್ನೋ ಗ್ರಿಲ್ಲನ್ನೋ ಹಾಕಿಸಿ ಆಮೇಲೆ ಬಿಲ್ಲೆ ಅಂಟಿಸಿ ಎಂಬುದೇ ನನ್ನ ಸಲಹೆ.

ಪರೀಕ್ಷೆ ಮಾಡದೆ ಇದನ್ನು ನಂಬಬೇಡಿ. ಗಾಜಿನ ಅಂಗಡಿಯಲ್ಲಿ ಕತ್ತರಿಸಿ ಉಳಿದ 4 ಮಿಲಿಮೀಟರ್ ತುಂಡುಗಳು ಅಗ್ಗಕ್ಕೆ ಸಿಗುತ್ತವೆ. ನಾಲ್ಕೈದು ತುಂಡು ತಂದು, ಹಳೆಯ ಚೌಕಟ್ಟಿಗೆ ಬಿಗಿಯಾಗಿ ಕೂರಿಸಿ, ಬಿಲ್ಲೆ ಅಂಟಿಸಿ, ಹೊರಮೈಗೆ ದಪ್ಪ ಬಟ್ಟೆ ಹೊದಿಸಿ, ಕನ್ನಡಕ, ಕೈಗವಸು, ಮುಚ್ಚಿದ ಚಪ್ಪಲಿ ಹಾಕಿಕೊಂಡು ಸುತ್ತಿಗೆಯಿಂದ ಒಡೆಯಿರಿ. ಪ್ರತಿ ಸಲ ಎಷ್ಟು ಮಿಡಿತ ಬಂದವು ಎಂದು ಬರೆದುಕೊಳ್ಳಿ. ಆಮೇಲೆ ಮನೆಯ ಕಿಟಕಿಯ ಸರದಿ: ಗೆಣ್ಣಿನಿಂದ ತಟ್ಟಿ, ನಾಣ್ಯದಿಂದ ತಟ್ಟಿ, ಬಾಗಿಲು ಬಡಿಯಿರಿ, ಜೋರು ಮಳೆಯ ದಿನ ಕಾದು ನೋಡಿ. ನಾಣ್ಯದ ತಟ್ಟು ತೆಳು ಕಂಪನ ಹುಟ್ಟಿಸುವುದರಿಂದ ಅದೇ ಕಠಿಣ ಪರೀಕ್ಷೆ. ಈ ಎರಡು ಗುಂಪಿನ ಎಣಿಕೆಗಳ ನಡುವೆ ಎಲ್ಲಿ ಅಂತರ ಕಾಣುತ್ತದೋ ಅಲ್ಲಿ ಗೆರೆ. ಗಾಜು ಕೂತಿರುವ ಪಟ್ಟಿ ಸಡಿಲವಾಗಿ ಗಾಳಿಗೆ ಗಲಗಲ ಅನ್ನುತ್ತಿದ್ದರೆ ಚಿಪ್ಪಿನಲ್ಲಿ ಗೆರೆ ಬದಲಿಸಬೇಡಿ, ಸಿಲಿಕೋನ್ ಹಾಕಿ ಗಾಜನ್ನು ಬಿಗಿ ಮಾಡಿ. ಗಾಜಿನಲ್ಲಿ ತಮ್ಮ ಬಿಂಬ ಕಂಡು ಕುಕ್ಕುವ ಕಾಗೆ, ಪಿಕಳಾರಗಳಿಗೆ ಈ ಮದ್ದು ಸಾಲದು. ಅಂಥ ಕಿಟಕಿಗೆ ಹೊರಗಿನಿಂದ ಒಂದು ಬಲೆ ಕಟ್ಟಬೇಕು. ಮೊದಲ ಎರಡು ವಾರ ಸೈರನ್ ತಂತಿ ಬಿಚ್ಚಿಟ್ಟು, ಅದರ ಜಾಗದಲ್ಲಿ ಸಣ್ಣ ದೀಪವೊಂದನ್ನು ಹಾಕಿ, ಅದು ಯಾವಾಗ ಯಾವಾಗ ಉರಿಯಿತು ಎಂದು ಪಟ್ಟಿ ಮಾಡಿ. ಎರಡು ವಾರದಲ್ಲಿ ಒಂದೂ ಸುಳ್ಳು ಇಲ್ಲದಿದ್ದರೆ ಮಾತ್ರ ಸೈರನ್ ಜೋಡಿಸಿ.

ಕಾವಲು ಶುರುವಾದ ದಿನ ಎಡಬಲದ ಎರಡು ಮನೆಯವರನ್ನು ಕರೆದು ಆ ಸದ್ದನ್ನು ಒಂದು ಸಲ ಕೇಳಿಸಿ. ಅದು ಕೂಗಿದರೆ ತಾವೇ ಒಳಗೆ ಹೋಗುವುದು ಬೇಡ, ದೀಪ ಹಾಕಿ, ಒಟ್ಟಾಗಿ ಕೂಗಿ, 112ಕ್ಕೆ ಕರೆ ಮಾಡಬೇಕು ಎಂದು ಹೇಳಿಡಿ. ದಸರೆಗೋ ಬೇಸಿಗೆ ರಜೆಗೋ ಊರಿಗೆ ಹೊರಡುವಾಗ ಹತ್ತಿರದ ಠಾಣೆಗೆ ತಿಳಿಸಿ, ಅಲಾರಂ ಆರಿಸುವ ಕೀಲಿಯನ್ನು ನಂಬಿಕೆಯ ನೆರೆಮನೆಯವರೊಬ್ಬರ ಕೈಗೆ ಕೊಟ್ಟೇ ಹೊರಡಿ.